ಎಫ್ 12 ಒತ್ತಿದಾಗ ಕಾಣೋದು, ಕಾಣದಿರೋದು

ಸಿನಿಮಾ ಬಿಡುಗಡೆಯಾದ ದಿನ ಮಧ್ಯಾಹ್ನದೊಳಗೆ ಅದರ ವಿಮರ್ಶೆ ಬಂದಿರುತ್ತೆ. ಹೊಸ ಫೋನ್ ಬಂದರೆ ಡಬ್ಬಿ ಬಿಚ್ಚೋದರಿಂದ ಹಿಡಿದು ಬ್ಯಾಟರಿ ಸಾಯೋವರೆಗೂ ವಿಮರ್ಶೆ. ಬಸವನಗುಡಿಯ ದೋಸೆ ಮೇಲೋ ಮಲ್ಲೇಶ್ವರದ್ದು ಮೇಲೋ ಅನ್ನೋದರ ಮೇಲೆ ಗೆಳೆತನ ಮುರಿದುಕೊಂಡವರೂ ಇದ್ದಾರೆ. ಆದರೆ ಈ ಊರಲ್ಲಿ ಸಾವಿರಾರು ಜನ ಬೆಳಗ್ಗೆಯಿಂದ ಸಂಜೆವರೆಗೆ ಕಣ್ಣು ಕೀಲಿಸಿ ನೋಡುವ ಒಂದು ಸಾಫ್ಟ್‌ವೇರ್ ಇದೆ. ಅದು ಚೆನ್ನಾಗಿದೆಯಾ, ಎಲ್ಲಿ ಸೋತಿದೆ, ಅದನ್ನ ಯಾರು ಮಾಡಿದರು, ಯಾಕೆ ಹೀಗೆ ಮಾಡಿದರು ಅಂತ ಯಾರೂ ಬರೆಯೋದಿಲ್ಲ. ನಾನು ಹೇಳ್ತಿರೋದು ಬ್ರೌಸರಿನೊಳಗಿನ ಡೆವ್‌ಟೂಲ್ಸ್ ಬಗ್ಗೆ.

ವೆಬ್ ಕೆಲಸ ಮಾಡದವರಿಗೆ ಒಂದು ಮಾತು. ಕಂಪ್ಯೂಟರಿನಲ್ಲಿ ಯಾವುದಾದರೂ ವೆಬ್ ಪುಟ ತೆರೆದು ಎಫ್ 12 ಒತ್ತಿ ನೋಡಿ. ಪುಟದ ಪಕ್ಕದಲ್ಲೋ ಕೆಳಗೋ ಇನ್ನೊಂದು ಕಿಟಕಿ ತೆರೆಯುತ್ತೆ. ಪುಟ ಯಾವ ಯಾವ ತುಂಡುಗಳಿಂದ ಆಗಿದೆ, ಯಾವ ಬಣ್ಣ ಎಲ್ಲಿಂದ ಬಂತು, ಹಿಂದುಗಡೆ ಯಾವ ಸರ್ವರಿಗೆ ಏನು ಕೇಳಿತು, ಅದು ಏನು ಕೊಟ್ಟಿತು, ಎಲ್ಲಿ ಎಡವಿತು, ಎಲ್ಲಾ ಅಲ್ಲಿದೆ. ಹೋಟೆಲಿನ ಅಡುಗೆಮನೆಗೆ ಗಾಜಿನ ಗೋಡೆ ಹಾಕಿದ ಹಾಗೆ. ಗ್ಯಾಸ್ ಬಿಲ್ ಕಟ್ಟುವ ಪುಟಕ್ಕೂ ಇದೆ, ಬ್ಯಾಂಕಿನ ಪುಟಕ್ಕೂ ಇದೆ. ಇಷ್ಟು ಸಲೀಸಾಗಿ ಒಳಗನ್ನು ತೋರಿಸುವ ಗುಣ ನಿಮ್ಮ ಫೋನಿನ ಆ್ಯಪ್‌ಗಳಿಗಿಲ್ಲ, ಕಾರಿಗಿಲ್ಲ, ಟೀವಿಗಿಲ್ಲ.

ಇದು ತಾನಾಗೇ ಬಂದದ್ದಲ್ಲ. ಒಂದು ಕಾಲದಲ್ಲಿ ಜಾವಾಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕೋದು ಅಂದರೆ ಸಾಲು ಸಾಲಿಗೆ ಅಲರ್ಟ್ ಹಾಕೋದು. ‘ಇಲ್ಲಿಗೆ ಬಂತು’, ‘ಇಲ್ಲಿಗೂ ಬಂತು’ ಅಂತ ಪುಟ್ಟ ಡಬ್ಬಿಗಳು ಪರದೆ ಮೇಲೆ ಎದ್ದು ನಿಲ್ಲುತ್ತಿದ್ದವು. ಒಂದೊಂದಕ್ಕೂ ಓಕೆ ಒತ್ತಬೇಕು. ಒತ್ತೋವರೆಗೆ ಪುಟವೇ ನಿಂತುಬಿಡ್ತಿತ್ತು. ಲೂಪಿನೊಳಗೆ ಒಂದು ಅಲರ್ಟ್ ಹಾಕಿದಿರೋ, ಕಥೆ ಮುಗೀತು. ಸಾಧನಗಳು ಇರಲಿಲ್ಲ ಅಂತಲ್ಲ. ಮೊಝಿಲ್ಲಾ ಲೋಕದಲ್ಲಿ ಡಾಮ್ ಇನ್ಸ್‌ಪೆಕ್ಟರ್ ಇತ್ತು. ವೆಂಕ್‌ಮನ್ ಅನ್ನೋ ಡಿಬಗರ್ ಇತ್ತು, ಹೆಸರು ಕೇಳಿದರೆ ನಮ್ಮ ವೆಂಕಣ್ಣನ ನೆಂಟನ ಥರ. ಆದರೆ ಒಂದೊಂದೂ ಒಂದೊಂದು ಕಿಟಕಿ, ಒಂದೊಂದಕ್ಕೂ ಅದರದೇ ಶಿಷ್ಟಾಚಾರ. ನೋಡುವ ಜಾಗ ಒಂದು, ತಿದ್ದುವ ಜಾಗ ಇನ್ನೊಂದು.

2006ರ ಜನವರಿಯಲ್ಲಿ ಜೋ ಹ್ಯೂಯಿಟ್ ಅನ್ನುವವರು ಫೈರ್‌ಬಗ್ ಬಿಟ್ಟರು. ಫೈರ್‌ಫಾಕ್ಸ್ ಬ್ರೌಸರನ್ನು ಮೊದಮೊದಲು ಕಟ್ಟಿದ ಕೆಲವೇ ಜನರಲ್ಲಿ ಒಬ್ಬರು ಈತ. ಆ ಡಾಮ್ ಇನ್ಸ್‌ಪೆಕ್ಟರ್ ಕೂಡ ಇವರ ಕೈಯದ್ದೇ. ಅಂದರೆ ತಾವೇ ಮಾಡಿದ ಸಾಧನ ಎಲ್ಲಿ ಸಾಲದು ಅಂತ ಗೊತ್ತಿದ್ದವರು. ಮರುವರ್ಷ ಬಂದ 1.0 ಆವೃತ್ತಿಯ ಹೊತ್ತಿಗೆ ಇವತ್ತಿನ ಡೆವ್‌ಟೂಲ್ಸ್‌ನ ಬಹುಪಾಲು ಅಂಗಾಂಗಗಳು ಅಲ್ಲಿ ಇದ್ದವು: ಕನ್ಸೋಲ್, ಎಚ್‌ಟಿಎಂಎಲ್ ಮರ, ಸಿಎಸ್ಎಸ್, ಸ್ಕ್ರಿಪ್ಟ್ ಡಿಬಗರ್, ನೆಟ್ ಪ್ಯಾನೆಲ್. ಬಿಎಸ್‌ಡಿ ಲೈಸೆನ್ಸು, ಯಾರು ಬೇಕಾದರೂ ತಗೊಂಡು ಏನು ಬೇಕಾದರೂ ಮಾಡಬಹುದು.

ಒಂದು ಕೃತಿ ಅಂತ ನೋಡಿದರೆ ಫೈರ್‌ಬಗ್‌ನ ದೊಡ್ಡಸ್ತಿಕೆ ಅದರ ಫೀಚರ್ ಪಟ್ಟಿಯಲ್ಲಿಲ್ಲ. ಅದು ನೋಡುವುದನ್ನೂ ಮುಟ್ಟುವುದನ್ನೂ ಒಂದೇ ಜಾಗಕ್ಕೆ ತಂದಿತು. ಬಟನ್ ಮೇಲೆ ಬೆರಳಿಟ್ಟಿರಿ, ಅದರ ಕೋಡ್ ಕಂಡಿತು. ಅಲ್ಲೇ ಬಣ್ಣ ಬದಲಿಸಿದಿರಿ, ಬಟನ್ ಬದಲಾಯಿತು. ಇನ್ನೊಂದು ಗುಣ ಇನ್ನೂ ಸೂಕ್ಷ್ಮ. ನೀವು ಏನೇ ಹಾಳು ಮಾಡಿದರೂ ರಿಫ್ರೆಶ್ ಒತ್ತಿದರೆ ಎಲ್ಲಾ ಮೊದಲಿನಂತೆ. ಹಾಳಾದೀತು ಅನ್ನೋ ಹೆದರಿಕೆ ಇಲ್ಲದ ಕಡೆ ಮನುಷ್ಯ ಬೇಗ ಕಲೀತಾನೆ. ಆಮೇಲೆ ವೆಬ್ ಕಲಿತ ಎಷ್ಟೋ ಜನರ ಕಾಲೇಜು ಇದೇ. ದೊಡ್ಡ ಸೈಟಿನ ಹೆಡ್‌ಲೈನ್ ತಿದ್ದಿ, ಸ್ಕ್ರೀನ್‌ಶಾಟ್ ತೆಗೆದು, ಗೆಳೆಯರನ್ನು ಮಂಗ ಮಾಡಿ, ಆ ತರಲೆಯಲ್ಲೇ ಸಿಎಸ್ಎಸ್ ಕಲಿತವರು. ಸಿಲಬಸ್ಸಿನಲ್ಲಿ ಇದಕ್ಕೆ ಜಾಗ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಫೈರ್‌ಬಗ್ ಇನ್ನೊಂದು ಕೆಲಸ ಮಾಡಿತು. ‘ಕನ್ಸೋಲ್.ಲಾಗ್’ ಅನ್ನೋ ಮಾತನ್ನು ಎಲ್ಲರ ಬಾಯಿಗೆ ಹಾಕಿತು. ಅದು ಯಾವ ಮಾನಕವೂ ಆಗಿರಲಿಲ್ಲ, ಬಳಸಿ ಬಳಸಿ ಉಳಿದ ಬ್ರೌಸರ್‌ಗಳೂ ಒಪ್ಪಿಕೊಂಡವು, ಮಾನಕ ಬರೆಯುವವರು ತುಂಬಾ ತಡವಾಗಿ ಬಂದರು. ಈ ನಡುವಿನ ಗೊಂದಲದ ಅವಧಿಯ ಒಂದು ತಮಾಷೆ ಹಳಬರಿಗೆ ನೆನಪಿರಬಹುದು. ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಮತ್ತು 9ರಲ್ಲಿ ಡೆವ್‌ಟೂಲ್ಸ್ ತೆರೆಯೋವರೆಗೆ ‘ಕನ್ಸೋಲ್’ ಅನ್ನೋ ವಸ್ತುವೇ ಇರ್ತಿರಲಿಲ್ಲ. ಕೋಡಿನಲ್ಲಿ ಒಂದು ಕನ್ಸೋಲ್.ಲಾಗ್ ಮರೆತು ಉಳಿದಿದ್ದರೆ ಗ್ರಾಹಕರ ಕಂಪ್ಯೂಟರಿನಲ್ಲಿ ಪುಟ ಮುರಿದು ಬೀಳ್ತಿತ್ತು. ಏನಾಯಿತು ಅಂತ ಪರೀಕ್ಷಿಸೋಕೆ ಎಫ್ 12 ಒತ್ತಿದ ಕೂಡಲೇ ಎಲ್ಲಾ ಸರಿ! ಡಾಕ್ಟರ್ ಎದುರು ಕೂತ ತಕ್ಷಣ ಹಲ್ಲುನೋವು ಮಾಯ ಆಗುತ್ತಲ್ಲ, ಹಾಗೆ. ನಗು ಬರೋ ಕಥೆಯೇ, ಆದರೆ ಒಂದು ವಿಷಯ ಹೇಳುತ್ತೆ. ನೋಡುವ ಸಾಧನ ತಾನು ನೋಡುತ್ತಿರುವುದನ್ನೇ ಬದಲಿಸಬಹುದು. ಹಾಗಾಗಿ ಸಾಧನವನ್ನೂ ಆಗಾಗ ಅನುಮಾನದಿಂದ ನೋಡಬೇಕು.

ಈಗ ನನ್ನ ತಕರಾರಿಗೆ ಬರ್ತೀನಿ.

ಫೈರ್‌ಬಗ್ ಕಥೆಯನ್ನು ಎಲ್ಲರೂ ಗೆಲುವಿನ ಕಥೆಯಾಗಿ ಹೇಳ್ತಾರೆ. ಅದರ ಐಡಿಯಾಗಳು ಎಲ್ಲ ಬ್ರೌಸರ್‌ಗಳ ಒಳಗೆ ಸೇರಿಕೊಂಡವು, ಕೆಲಸ ಮುಗಿಸಿ ಅದು ಗೌರವದಿಂದ ನಿವೃತ್ತಿಯಾಯಿತು ಅಂತ. ಅರ್ಧ ನಿಜ. ಹ್ಯೂಯಿಟ್ ಬೇರೆ ಕೆಲಸಕ್ಕೆ ಹೋದ ಮೇಲೆ ಐಬಿಎಂನ ಜಾನ್ ಬಾರ್ಟನ್, ಆಮೇಲೆ ಯಾನ್ ಓಡ್ವಾರ್ಕೊ ಮತ್ತು ಒಂದು ಚಿಕ್ಕ ಗುಂಪು ಅದನ್ನು ಎಳೆದುಕೊಂಡು ಬಂದರು. ಅದರ ಮೇಲೆ ಬೇರೆಯವರು ತಮ್ಮ ತಮ್ಮ ಮಾಳಿಗೆ ಕಟ್ಟಿಕೊಂಡರು. ಯಾಹೂನವರ ವೈಸ್ಲೋ ಪುಟ ಯಾಕೆ ನಿಧಾನ ಅಂತ ಹೇಳ್ತಿತ್ತು, ಫೈರ್‌ಪಿಎಚ್‌ಪಿ ಸರ್ವರಿನ ಸಂದೇಶಗಳನ್ನು ಇದೇ ಕನ್ಸೋಲಿಗೆ ತರ್ತಿತ್ತು. ಇಷ್ಟರಲ್ಲಿ ವೆಬ್‌ಕಿಟ್‌ನವರು ಅದೇ 2006ರಲ್ಲಿ ಶುರುಮಾಡಿದ್ದ ವೆಬ್ ಇನ್ಸ್‌ಪೆಕ್ಟರ್ ಬೆಳೀತಾ ಇತ್ತು. 2008ರಲ್ಲಿ ಕ್ರೋಮ್ ಬಂದಾಗ ಅದನ್ನೇ ಹೊತ್ತು ತಂದಿತು. ಒಪೆರಾದವರು ಡ್ರ್ಯಾಗನ್‌ಫ್ಲೈ ತಂದರು. ಬ್ರೌಸರ್ ಒಳಗೇ ಹುಟ್ಟಿದ ಸಾಧನಕ್ಕೆ ಎಂಜಿನ್ನಿನ ನರನಾಡಿ ನೇರ ಸಿಗುತ್ತೆ. ಫೈರ್‌ಬಗ್ ಹೊರಗಿನಿಂದ ಅಂಟಿಸಿಕೊಂಡ ಎಕ್ಸ್‌ಟೆನ್ಷನ್. ಫೈರ್‌ಫಾಕ್ಸ್ ಪ್ರತಿ ಸಲ ಒಳಗನ್ನು ಬದಲಿಸಿದಾಗಲೂ ಈ ಚಿಕ್ಕ ಗುಂಪು ಹಿಂದೆ ಓಡಬೇಕು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸ್ 57 ಹಳೆಯ ಬಗೆಯ ಎಕ್ಸ್‌ಟೆನ್ಷನ್‌ಗಳನ್ನು ಒಟ್ಟಾರೆ ಕೈಬಿಟ್ಟಿತು. ಫೈರ್‌ಬಗ್ ಅಲ್ಲಿಗೆ ಮುಗಿಯಿತು.

ನನ್ನ ಪ್ರಕಾರ ಇಲ್ಲಿ ಸಾಧನ ಗೆದ್ದಿತು, ಸಾಧನ ಮಾಡುವ ಆ ರೀತಿ ಸೋತಿತು. ಬ್ರೌಸರ್ ಕಂಪನಿಯ ಅಪ್ಪಣೆ ಇಲ್ಲದೆ, ಹೊರಗಿನ ಒಬ್ಬ ಮನುಷ್ಯ ‘ಇದು ಹೀಗಿದ್ದರೆ ಚೆನ್ನ’ ಅಂತ ಯೋಚಿಸಿ ಇಡೀ ಜಗತ್ತಿನ ಕೆಲಸದ ರೀತಿ ಬದಲಿಸೋ ಬಾಗಿಲು ಕಿರಿದಾಯಿತು. ಈಗಿನ ಎಕ್ಸ್‌ಟೆನ್ಷನ್‌ಗಳು ಡೆವ್‌ಟೂಲ್ಸ್‌ಗೆ ಒಂದು ಹೊಸ ಟ್ಯಾಬ್ ಸೇರಿಸಬಹುದು, ರಿಯಾಕ್ಟ್ ಡೆವ್‌ಟೂಲ್ಸ್ ಮಾಡುವ ಹಾಗೆ. ಮನೆಗೆ ಒಂದು ಕೋಣೆ ಸೇರಿಸಬಹುದು. ಮನೆಯ ನಕ್ಷೆ ಮಾತ್ರ ಕಂಪನಿಯದ್ದು.

‘ಅಲ್ಲ ಸ್ವಾಮಿ, ಕ್ರೋಮ್ ಡೆವ್‌ಟೂಲ್ಸ್ ಕೂಡ ಓಪನ್ ಸೋರ್ಸೇ ಅಲ್ವಾ?’ ಅಂತ ಕೇಳ್ತೀರಿ. ಹೌದು. ಕೋಡ್ ತೆರೆದಿದೆ, ಓದಬಹುದು, ಕಾಪಿ ಮಾಡಬಹುದು. ಮುಂದಿನ ವರ್ಷ ಯಾವ ಪ್ಯಾನೆಲ್ ಬರಬೇಕು, ಯಾವುದನ್ನು ಅಳೀಬೇಕು, ಯಾವುದಕ್ಕೆ ಎಷ್ಟು ಜನ ಕೂರಬೇಕು ಅನ್ನೋದನ್ನ ಮಾತ್ರ ಆ ಕೋಡಿನ ಲೈಸೆನ್ಸ್ ತೀರ್ಮಾನಿಸೋದಿಲ್ಲ. ಸಂಬಳ ಕೊಡುವವರು ತೀರ್ಮಾನಿಸ್ತಾರೆ. ಪಾರ್ಕಿಗೆ ಪ್ರವೇಶ ಉಚಿತ ಅಂದ ಮಾತ್ರಕ್ಕೆ ಎಲ್ಲಿ ಮರ ನೆಡಬೇಕು ಅಂತ ನಮ್ಮನ್ನ ಕೇಳ್ತಾರಾ? ಇದರಲ್ಲಿ ಪಿತೂರಿ ಏನೂ ಇಲ್ಲ. ಆದರೆ ಓಪನ್ ಸೋರ್ಸ್ ಅಂದ ಕೂಡಲೇ ಎಲ್ಲಾ ಸರಿಯಿದೆ ಅಂದುಕೊಳ್ಳೋದು ಸೋಮಾರಿತನ.

ಪೈಪೋಟಿ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ಸಿಎಸ್ಎಸ್ ಗ್ರಿಡ್ ಒಳ್ಳೆಯ ಉದಾಹರಣೆ. ಪುಟವನ್ನು ಅಡ್ಡಸಾಲು ಉದ್ದಸಾಲಾಗಿ ಹೊಂದಿಸುವ ಈ ವಿಧಾನ 2017ರಲ್ಲಿ ಬಂದಾಗ, ಆ ಗೆರೆಗಳನ್ನು ಪುಟದ ಮೇಲೇ ಎಳೆದು ತೋರಿಸುವ ಸಾಧನವನ್ನು ಫೈರ್‌ಫಾಕ್ಸ್ ಅದೇ ವರ್ಷ ಕೊಟ್ಟಿತು. ಕಣ್ಣಿಗೆ ಕಾಣದ ಗೆರೆಗಳ ಮೇಲೆ ನಿಂತ ವಿಧಾನವನ್ನು ಗೆರೆ ಕಾಣದೆ ಕಲಿಯೋದು ಹೇಗೆ? ಆ ಪ್ರಶ್ನೆ ಯಾರಿಗೋ ಹೊಳೆದಿತ್ತು. ಕ್ರೋಮ್‌ನಲ್ಲಿ ಅಷ್ಟೇ ವಿವರವಾದ ಗ್ರಿಡ್ ಸಾಧನ ಬರೋ ಹೊತ್ತಿಗೆ 2020 ಆಗಿತ್ತು. ಅದೇ 2020ರ ಆಗಸ್ಟಿನಲ್ಲಿ ಮೊಝಿಲ್ಲಾ ಸುಮಾರು 250 ಜನರನ್ನು ಕೆಲಸದಿಂದ ತೆಗೆಯಿತು, ಡೆವಲಪರ್ ಸಾಧನಗಳ ಮೇಲಿನ ಹೂಡಿಕೆ ಕಡಿಮೆ ಮಾಡ್ತೀವಿ ಅಂತ ಅಂದೇ ಹೇಳಿತು. ಒಪೆರಾ ಆಗಲೇ ತನ್ನ ಎಂಜಿನ್ ಬಿಟ್ಟು ಕ್ರೋಮಿಯಂ ಹಿಡಿದಿತ್ತು, ಡ್ರ್ಯಾಗನ್‌ಫ್ಲೈ ಹಾರಿಹೋಗಿತ್ತು. ಎಡ್ಜ್ ಕೂಡ ಅದೇ ದಾರಿ. ಬೇರೆ ಬೇರೆ ಕಣ್ಣುಗಳು ಕಡಿಮೆಯಾದಷ್ಟೂ ಬೇರೆ ಬೇರೆ ಪ್ರಶ್ನೆಗಳೂ ಕಡಿಮೆಯಾಗುತ್ತವೆ.

ಯಾವ ಪ್ರಶ್ನೆ ಅಂತೀರಾ? ನಮ್ಮದೇ ಒಂದು ಹೇಳ್ತೀನಿ.

ಕನ್ಸೋಲಿನಲ್ಲಿ ‘ಕನ್ನಡ’ ಅಂತ ಬರೆದು ಅದರ ಉದ್ದ ಕೇಳಿ. 5 ಅನ್ನುತ್ತೆ. ಒಂದನೇ ಕ್ಲಾಸಿನ ಮಗು 3 ಅನ್ನುತ್ತೆ. ಇಬ್ಬರೂ ಸರಿ; ಜಾವಾಸ್ಕ್ರಿಪ್ಟ್ ಒಳಗಿನ ಸಂಕೇತಗಳನ್ನು ಎಣಿಸುತ್ತೆ, ‘ನ್ನ’ ಅಂದರೆ ಅದಕ್ಕೆ ನ, ಹಲಂತ, ಮತ್ತೊಂದು ನ. ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುವ ಕೋಡ್ ಯಾರೋ ಬರೆದಿರ್ತಾರೆ, ಕನ್ನಡದ ಹೆಸರು ಅರ್ಧ ಒತ್ತಿಗೆ ತುಂಡಾಗಿ ನಿಂತಿರುತ್ತೆ. ಇನ್ನು ‘ರಾಷ್ಟ್ರ’, ‘ಸ್ತ್ರೀ’ ಥರದ ಪದ ಇರೋ ಶೀರ್ಷಿಕೆ. ಇಂಗ್ಲಿಷ್ ಅಕ್ಷರದ ಅಳತೆಗೆ ಲೈನ್ ಹೈಟ್ ಇಟ್ಟು, ಹೊರಗೆ ಚಾಚಿದ್ದನ್ನು ಮರೆಮಾಡು ಅಂದಿರ್ತಾರೆ. ಎರಡನೇ ಒತ್ತಿನ ಕಾಲು ಕಟ್. ಇನ್ಸ್‌ಪೆಕ್ಟರ್ ತೆರೆದರೆ ಡಬ್ಬಿಯ ಅಗಲ, ಎತ್ತರ, ಅಂಚು ಎಲ್ಲಾ ಪಿಕ್ಸೆಲ್ ಲೆಕ್ಕದಲ್ಲಿ ಕಾಣುತ್ತೆ. ಅಕ್ಷರದ ಕಾಲು ಆ ಡಬ್ಬಿಯಿಂದ ಎಷ್ಟು ಕೆಳಗೆ ಇಳಿದಿದೆ ಅನ್ನೋದು ಮಾತ್ರ ಕಾಣಲ್ಲ. ಲ್ಯಾಟಿನ್ ಅಕ್ಷರ ಬರೆಯುವವರಿಗೆ ಈ ತೊಂದರೆ ಅಷ್ಟಾಗಿ ಬರೋದಿಲ್ಲ, ಹಾಗಾಗಿ ಅದನ್ನು ತೋರಿಸಬೇಕು ಅಂತ ಹೊಳೆಯೋದೂ ಕಷ್ಟ.

ಹಾಗಂತ ಹೊಗಳಬೇಕಾದ್ದನ್ನು ಹೊಗಳಲೇಬೇಕು. ಕ್ರೋಮ್‌ನ ಕಂಪ್ಯೂಟೆಡ್ ಟ್ಯಾಬಿನ ಕೆಳತುದಿಯಲ್ಲಿ ‘ರೆಂಡರ್ಡ್ ಫಾಂಟ್ಸ್’ ಅಂತ ಒಂದು ಪುಟ್ಟ ಜಾಗ ಇದೆ. ನೀವು ಕೋಡಿನಲ್ಲಿ ಯಾವ ಫಾಂಟ್ ಹೆಸರು ಬರೆದಿದ್ದೀರಿ ಅನ್ನೋದು ಬೇರೆ, ಕನ್ನಡ ಅಕ್ಷರಗಳು ನಿಜವಾಗಿ ಯಾವ ಫಾಂಟಿನಲ್ಲಿ ಮೂಡಿವೆ ಅನ್ನೋದು ಬೇರೆ. ಆ ಎರಡನೆಯದನ್ನು ಇದು ಹೇಳುತ್ತೆ. ಡಿಸೈನರ್ ಮ್ಯಾಕಿನಲ್ಲಿ ಚಂದ ಕಂಡ ಪುಟ ವಿಂಡೋಸ್‌ನಲ್ಲಿ ಯಾಕೆ ಬೇರೆ ಥರ ಅನ್ನೋ ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತೆ. ಹಾಗೇ ಎಲಿಮೆಂಟ್ಸ್ ಪ್ಯಾನೆಲ್ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತಗಳನ್ನು ಗುರುತು ಹಾಕಿ ತೋರಿಸುತ್ತೆ. ಕನ್ನಡದಲ್ಲಿ ಇದು ಚಿಕ್ಕ ವಿಷಯ ಅಲ್ಲ. ಹಳೆಯ ಫೈಲಿನಿಂದ ಯೂನಿಕೋಡಿಗೆ ಬದಲಿಸಿದ ಎಷ್ಟೋ ಪಠ್ಯಗಳಲ್ಲಿ ‘ಬಸ್’ ಅನ್ನೋ ಪದದ ಕೊನೆಗೆ ಅಂಥದ್ದೊಂದು ಸಂಕೇತ ಅಂಟಿಕೊಂಡಿರುತ್ತೆ. ನೋಡೋಕೆ ಎರಡೂ ಒಂದೇ, ಹುಡುಕಿದರೆ ಮಾತ್ರ ಸಿಗಲ್ಲ. ಯಾರೋ ಒಬ್ಬ ಎಂಜಿನಿಯರ್ ಯಾವತ್ತೋ ಇದನ್ನು ತೋರಿಸೋಣ ಅಂತ ಬರೆದ ನಾಲ್ಕು ಸಾಲು ಇಲ್ಲಿ ಯಾರದ್ದೋ ಒಂದು ರಾತ್ರಿ ಉಳಿಸುತ್ತೆ. ಒಳ್ಳೆಯ ಸಾಧನದ ಲಕ್ಷಣ ಇದೇ.

ಇಷ್ಟರವರೆಗೆ ಹೇಳಿದ್ದು ಕೆಲಸದ ಮಾತು. ಇದಕ್ಕಿಂತ ದೊಡ್ಡ ವಿಷಯ ಒಂದಿದೆ: ಒಳಗೆ ನೋಡುವ ಹಕ್ಕು.

2021ರ ಅಕ್ಟೋಬರಿನಲ್ಲಿ ಅಮೆರಿಕದ ಮಿಸ್ಸೂರಿ ರಾಜ್ಯದಲ್ಲಿ ಒಂದು ಘಟನೆ ನಡೆಯಿತು. ಶಿಕ್ಷಣ ಇಲಾಖೆಯ ವೆಬ್ ಪುಟದ ಮೂಲ ಕೋಡಿನಲ್ಲಿ ಶಿಕ್ಷಕರ ಸೋಶಿಯಲ್ ಸೆಕ್ಯುರಿಟಿ ನಂಬರ್‌ಗಳು, ಅಂದರೆ ನಮ್ಮ ಆಧಾರ್ ಇದ್ದ ಹಾಗೆ, ಬ್ರೌಸರಿಗೆ ಬಂದು ಬೀಳ್ತಿದ್ದವು. ಸೇಂಟ್ ಲೂಯಿಸ್ ಪೋಸ್ಟ್ ಡಿಸ್‌ಪ್ಯಾಚ್ ಪತ್ರಿಕೆಯ ವರದಿಗಾರರೊಬ್ಬರು ಅದನ್ನು ಕಂಡರು. ಪತ್ರಿಕೆ ಮೊದಲು ಇಲಾಖೆಗೆ ತಿಳಿಸಿತು, ಅವರು ಸರಿಪಡಿಸೋವರೆಗೆ ಸುದ್ದಿ ಹಾಕದೆ ಕಾಯಿತು. ಇದಕ್ಕೆ ಗವರ್ನರ್ ಮೈಕ್ ಪಾರ್ಸನ್ ಕೊಟ್ಟ ಬಹುಮಾನ, ‘ಇದು ಹ್ಯಾಕಿಂಗ್, ಕೇಸು ಹಾಕಿಸ್ತೀವಿ’ ಅನ್ನೋ ಬೆದರಿಕೆ. ಕೊನೆಗೆ 2022ರ ಫೆಬ್ರವರಿಯಲ್ಲಿ ಪ್ರಾಸಿಕ್ಯೂಟರ್ ಕೇಸು ಹಾಕೋದಿಲ್ಲ ಅಂದರು. ಆದರೆ ಆ ನಾಲ್ಕು ತಿಂಗಳು ಆ ವರದಿಗಾರ ಹೇಗೆ ಮಲಗಿರಬಹುದು, ಯೋಚಿಸಿ. ಸರ್ಕಾರವೇ ಅವರ ಕಂಪ್ಯೂಟರಿಗೆ ಕಳಿಸಿದ್ದನ್ನು ಅವರು ಓದಿದರು. ಅಂಚೆಯಲ್ಲಿ ನಿಮ್ಮ ಮನೆಗೆ ಬಂದ ಪೋಸ್ಟ್‌ಕಾರ್ಡ್ ಓದಿದ್ದಕ್ಕೆ ಕಳ್ಳ ಅಂದ ಹಾಗೆ.

ನಮ್ಮಲ್ಲೂ ಈ ಮನೋಭಾವ ಕಡಿಮೆಯೇನಿಲ್ಲ. ಎಷ್ಟೋ ಸೈಟುಗಳಲ್ಲಿ ರೈಟ್ ಕ್ಲಿಕ್ ಬಂದ್. ಇನ್ನು ಕೆಲವು ಡೆವ್‌ಟೂಲ್ಸ್ ತೆರೆದರೆ ಸಾಕು, ಬೇಕೆಂದೇ ಕೋಡ್ ನಿಲ್ಲಿಸಿ ನಿಲ್ಲಿಸಿ ಕಾಟ ಕೊಡುತ್ತವೆ. ಇದನ್ನು ಸೆಕ್ಯುರಿಟಿ ಅಂತ ಕರೆಯುವ ಮೀಟಿಂಗುಗಳಲ್ಲಿ ನಾನೂ ಕೂತಿದ್ದೇನೆ. ಬಾಗಿಲಿಗೆ ಬೀಗ ಹಾಕದೆ ಕಿಟಕಿಗೆ ಪರದೆ ಹಾಕೋ ಬುದ್ಧಿ ಇದು. ಕಳ್ಳನಿಗೆ ಪರದೆ ಒಂದು ತಡೆಯೇ ಅಲ್ಲ. ಅಡ್ಡಿಯಾಗೋದು ಕಲಿಯೋ ಹುಡುಗಿಗೆ, ತನ್ನ ಯಾವ ಮಾಹಿತಿ ಎಲ್ಲಿಗೆ ಹೋಗ್ತಿದೆ ಅಂತ ನೋಡಬಯಸುವ ಗ್ರಾಹಕನಿಗೆ. ಜನರನ್ನು ನಿಜವಾಗಿ ಕಾಪಾಡೋ ರೀತಿಯೂ ಇದೆ. ಫೇಸ್‌ಬುಕ್ ತನ್ನ ಪುಟದ ಕನ್ಸೋಲಿನಲ್ಲಿ ‘ನಿಲ್ಲಿ, ಯಾರೋ ಹೇಳಿದರು ಅಂತ ಇಲ್ಲಿ ಕೋಡ್ ಅಂಟಿಸಬೇಡಿ’ ಅನ್ನೋ ಅರ್ಥದ ದೊಡ್ಡ ಎಚ್ಚರಿಕೆ ಹಾಕುತ್ತೆ. ನೋಡೋದನ್ನ ತಡೆಯದೆ ಅಪಾಯ ಹೇಳೋದು ಅಂದರೆ ಇದು.

ಜೊತೆಗೆ ನೋಡೋಕೆ ಸಿಗುವ ವಸ್ತುವೂ ಬದಲಾಗಿದೆ. ಇವತ್ತಿನ ಪುಟಗಳ ಕೋಡನ್ನು ಹಿಂಡಿ, ಒತ್ತಿ, ಹೆಸರುಗಳನ್ನೆಲ್ಲ ಎ, ಬಿ, ಸಿ ಮಾಡಿ ಕಳಿಸ್ತಾರೆ. ವೇಗಕ್ಕೆ ಅದು ಬೇಕು, ಒಪ್ಪೋಣ. ಅದನ್ನು ಮತ್ತೆ ಓದುವಂತೆ ಮಾಡುವ ಸೋರ್ಸ್ ಮ್ಯಾಪ್ ಅನ್ನೋ ಕೊಂಡಿ ಇದೆ, ಆದರೆ ಹೆಚ್ಚಿನವರು ಅದನ್ನು ಹೊರಗೆ ಬಿಡೋದಿಲ್ಲ. ಅಂದರೆ ಗಾಜಿನ ಗೋಡೆ ಹಾಗೇ ಇದೆ, ಅಡುಗೆಮನೆಯಲ್ಲಿ ಹೊಗೆ ತುಂಬಿದೆ. ಸಾಧನ ಎಷ್ಟು ಚೂಪಾದರೂ ಹೊಸಬರು ಇನ್ನೊಬ್ಬರ ಪುಟ ನೋಡಿ ಕಲಿಯೋ ಆ ಹಳೆಯ ದಾರಿ ಮಸುಕಾಗಿದೆ.

ಈ ಹೊಗೆಗೆ ಈಗ ಹೊಸ ಮದ್ದು ಬಂದಿದೆ, ಎಐ. ಕ್ರೋಮ್‌ನ ಕನ್ಸೋಲಿನಲ್ಲಿ ಎರರ್ ಬಂದರೆ ಪಕ್ಕದ ಬಲ್ಬ್ ಒತ್ತಿ, ವಿವರಣೆ ಬರುತ್ತೆ. ಕೆಲವು ಸಲ ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಅದಕ್ಕೆ ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿರಬೇಕು, ಎರರಿನ ಜೊತೆ ನಿಮ್ಮ ಪುಟದ ವಿವರವೂ ಅವರ ಸರ್ವರಿಗೆ ಹೋಗಬೇಕು. ಬಟನ್ನಿನ ಕೋಡ್ ಓಪನ್ ಸೋರ್ಸ್, ಉತ್ತರ ಹುಟ್ಟುವ ಜಾಗ ಮುಚ್ಚಿದ ಪೆಟ್ಟಿಗೆ. ಒಳಗೆ ಏನಿದೆ ಅಂತ ನೋಡೋಕೆ ಹುಟ್ಟಿದ ಸಾಧನದೊಳಗೆ ನೋಡಲಾಗದ ಒಂದು ಕೋಣೆ ಬಂದಿದೆ. ಇನ್ನೊಂದು ಚಿಂತೆ: ಫೈರ್‌ಬಗ್ ನಮಗೆ ‘ಇಗೋ, ನೀನೇ ನೋಡು’ ಅನ್ನುತ್ತಿತ್ತು. ಇದು ‘ನಾನು ನೋಡಿ ಹೇಳ್ತೀನಿ, ನೀನು ಸುಮ್ಮನಿರು’ ಅನ್ನುತ್ತೆ. ಮೊದಲನೆಯದು ಕಣ್ಣು ಕೊಡ್ತಿತ್ತು.

ಹಾಗಾದರೆ ಎಲ್ಲಾ ಮುಗೀತಾ? ಇಲ್ಲ. ಡೆವ್‌ಟೂಲ್ಸ್ ಬಗ್ಗೆ ನನಗೆ ಅತ್ಯಂತ ಇಷ್ಟವಾದ ಸಂಗತಿ ಕೊನೆಗೆ ಇಟ್ಟುಕೊಂಡಿದ್ದೇನೆ. ಅದರ ಮುಖಭಾಗ ಕೂಡ ಒಂದು ವೆಬ್ ಆ್ಯಪ್ಲಿಕೇಶನ್ನೇ. ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್. ಕ್ರೋಮ್‌ನಲ್ಲಿ ಡೆವ್‌ಟೂಲ್ಸ್ ಅನ್ನು ಬೇರೆ ಕಿಟಕಿಯಾಗಿ ತೆಗೆದು, ಅದರ ಮೇಲೆ ನಿಂತು ಕಂಟ್ರೋಲ್, ಶಿಫ್ಟ್, ಐ ಒತ್ತಿದರೆ ಡೆವ್‌ಟೂಲ್ಸ್‌ಗೇ ಇನ್ನೊಂದು ಡೆವ್‌ಟೂಲ್ಸ್ ತೆರೆಯುತ್ತೆ. ಫೈರ್‌ಫಾಕ್ಸ್‌ನಲ್ಲಿ ಇದೇ ಕೆಲಸಕ್ಕೆ ಬ್ರೌಸರ್ ಟೂಲ್‌ಬಾಕ್ಸ್ ಇದೆ. ಬ್ರೌಸರ್ ಎಂಜಿನ್ನಿಗೆ ಕೈ ಹಾಕಬೇಕಾದರೆ ಸಿ ಪ್ಲಸ್ ಪ್ಲಸ್ ಸಮುದ್ರ ಈಜಬೇಕು. ಈ ಮುಖಭಾಗಕ್ಕೆ ಕೈ ಹಾಕೋಕೆ ನೀವು ಆಫೀಸಿನಲ್ಲಿ ದಿನಾ ಮಾಡೋ ಕೆಲಸವೇ ಸಾಕು.

ಈ ಊರಲ್ಲಿ ಆ ಕೆಲಸ ಗೊತ್ತಿರುವವರಿಗೆ ಬರವೇ? ಒತ್ತಕ್ಷರದ ಕಾಲು ಕತ್ತರಿಸಿದ್ದನ್ನು ಕಂಡರೆ ಸಿಎಸ್ಎಸ್‌ನಲ್ಲಿ ಎರಡು ಪಿಕ್ಸೆಲ್ ಹೆಚ್ಚಿಸಿ ಟಿಕೆಟ್ ಮುಚ್ಚಿಬಿಡ್ತೀವಿ. ಆ ಸಂಜೆಯೇ ಮೊಝಿಲ್ಲಾದ ಬಗ್‌ಝಿಲ್ಲಾದಲ್ಲೋ ಕ್ರೋಮಿಯಂನ ಇಶ್ಯೂ ಪಟ್ಟಿಯಲ್ಲೋ ಒಂದು ವರದಿ ಹಾಕಿ. ಒಂದು ಚಿತ್ರ, ನಾಲ್ಕು ಸಾಲಿನ ಉದಾಹರಣೆ, ‘ಅಕ್ಷರ ಎಲ್ಲಿವರೆಗೆ ಚಾಚಿದೆ ಅಂತ ಇನ್ಸ್‌ಪೆಕ್ಟರ್ ತೋರಿಸಬೇಕು’ ಅನ್ನೋ ಒಂದು ವಾಕ್ಯ. ತೆಲುಗಿನವರೂ ಮಲಯಾಳದವರೂ ಬಂದು ‘ನಮಗೂ ಬೇಕು’ ಅಂತ ಸೇರಿಸಬಹುದು. ವರದಿಯೇ ಇಲ್ಲದ ಬೇಡಿಕೆ ಯಾರ ಪಟ್ಟಿಗೂ ಬರೋದಿಲ್ಲ. ಸಂಬಳ ಕೊಡುವವರು ನಕ್ಷೆ ಬರೀತಾರೆ ನಿಜ, ಆದರೆ ಮನೆ ಸೋರ್ತಿದೆ ಅಂತ ಹೇಳಬೇಕಾದವರು ಅದರಲ್ಲಿ ವಾಸ ಮಾಡೋರು.